ಯಂತ್ರವೈದ್ಯನ ಪರೀಕ್ಷೆ

ಗೃಹಸ್ಥನಾದವನು ಎಲ್ಲವನ್ನೂ ತಾನೇ ಪರೀಕ್ಷಿಸಿ ತಿಳಿಯಲಾರನು. ಹಲವು ವಿಷಯಗಳಲ್ಲಿ ಬಲ್ಲವರ ಮಾತನ್ನು ನಂಬಿ ನಡೆಯಬೇಕಾಗುವುದು. ಮದ್ದು ಕೊಡುವ ವೈದ್ಯ, ಚಿನ್ನವನ್ನು ಒರೆಹಚ್ಚುವ ಅಕ್ಕಸಾಲಿಗ, ಮನೆಗೆ ತಳಹದಿ ಹಾಕುವ ಮೇಸ್ತ್ರಿ, ಇವರ ಕೆಲಸದ ಗುಣವು ನಮಗೆ ಗೊತ್ತಾಗುವ ವೇಳೆಗೆ ಹಣವೂ ಕಾಲವೂ, ಒಮ್ಮೊಮ್ಮೆ ಪ್ರಾಣವೂ ಕೈಮೀರಿ ಹೋಗಿರುವುದುಂಟು. ಮೋಟಾರ್ ಸೈಕಲ್ಲಿನ ಇಂಜನನ್ನು ತಿದ್ದುವವನನ್ನೂ ಈ ಪಂಕ್ತಿಯಲ್ಲಿಯೇ ಕೂರಿಸಬೇಕೆಂಬುದು ನಮಗೆ ಮನದಟ್ಟಾದದ್ದು ಈಚೆಗೆ. ಶಾಲೆಯಲ್ಲಿ ಮೂವತ್ತನಾಲ್ಕು ವರ್ಷ ಸಂಸ್ಕೃತವನ್ನು ಹೇಳಿಕೊಟ್ಟು ನಿವೃತ್ತರಾಗಿ ಜಯನಗರದಲ್ಲಿ ಕಾಲ ಕಳೆಯುತ್ತಿರುವ ನಮಗೂ ಗ್ಯಾರೇಜಿಗೂ ಸಂಬಂಧ ಹೇಗೆ ಬಂದಿತೆಂಬುದನ್ನು ವಾಚಕರಿಗೆ ತಿಳಿಸುವೆವು.

ನಮ್ಮ ತಂಗಿಯ ಮಗನು ಜೆ.ಪಿ. ನಗರದಲ್ಲಿ ತಾಯಿಯೊಡನೆ ವಾಸವಾಗಿರುವನು. ಹುಡುಗನು ವಿದ್ಯಾವಂತ, ಉದ್ಯೋಗಸ್ಥ, ವಿನಯಶಾಲಿ. ಅವನ ತಂದೆ ತೀರಿಕೊಂಡು ಎಂಟು ವರ್ಷಗಳಾದುವು. ತಾನು ಕೂಡಿಟ್ಟ ಹಣದಿಂದ ಅವನು 648 ಘನ ಸೆಂಟಿಮೀಟರಿನ, ಎರಡು ಸಿಲಿಂಡರಿನ ಒಂದು ರಾಯಲ್ ಎನ್‌ಫೀಲ್ಡ್ ಗಾಡಿಯನ್ನು ಇನ್ನೊಬ್ಬರಿಂದ ಕೊಂಡನು. ಕಾರ್ಖಾನೆಯಿಂದ ಬರುವಾಗ ಸುಮಾರು 47 ಅಶ್ವಶಕ್ತಿಯುಳ್ಳ ಈ ಇಂಜನಿಗೆ ಹಿಂದಿನ ಒಡೆಯನು ಟರ್ಬೋ ಎಂಬ ಉಪಕರಣವನ್ನು ಸೇರಿಸಿದ್ದನು. ಎರಡು ತಿಂಗಳಾಗುವಷ್ಟರಲ್ಲಿ ಏರುದಾರಿಯಲ್ಲಿ ವೇಗವನ್ನು ಹೆಚ್ಚಿಸಿದೊಡನೆ, ಡಬ್ಬದಲ್ಲಿ ಹರಳು ಹಾಕಿ ಅಲುಗಿಸಿದಂತೆ ಇಂಜನಿನೊಳಗೆ ಸದ್ದಾಗತೊಡಗಿತು. ಒಂದು ಗ್ಯಾರೇಜಿನವರು ಎರಡು ಸಲ ಹಣ ತೆಗೆದುಕೊಂಡು ಸರಿಹೋಯಿತೆಂದು ಕಳುಹಿಸಿದರು. ಸದ್ದು ಹಾಗೆಯೇ ಉಳಿಯಿತು. ಆಗ ತಂಗಿಯು ನಮ್ಮ ಮನೆಗೆ ಬಂದು, “ಅಣ್ಣಾ, ಯಂತ್ರದ ವಿಚಾರ ನನಗೆ ತಿಳಿಯದು. ಇವನು ಯಾರ ಕೈಗೆ ತನ್ನ ಜೀವವನ್ನು ಕೊಡುತ್ತಾನೋ ಆ ಮನುಷ್ಯನನ್ನು ನೀನು ಒಮ್ಮೆ ನೋಡಿ ಬಾ” ಎಂದಳು. ಈ ಮಾತನ್ನು ತೆಗೆದುಹಾಕುವುದು ನಮ್ಮಿಂದಾಗಲಿಲ್ಲ.

ಟರ್ಬೋ ಎಂಬುದನ್ನು ಅರಿಯದವರಿಗಾಗಿ ಎರಡು ಮಾತು. ಇಂಜನು ಗಾಳಿಯನ್ನು ಒಳಗೆಳೆದು ಪೆಟ್ರೋಲನ್ನು ಸುಟ್ಟು ಬಿಸಿಯಾದ ಹೊಗೆಯನ್ನು ಹೊರಕ್ಕೆ ಬಿಡುವುದಷ್ಟೆ. ವ್ಯರ್ಥವಾಗಿ ಹೋಗುವ ಆ ಹೊಗೆಯ ಬಲದಿಂದ ಒಂದು ಪುಟ್ಟ ಚಕ್ರವನ್ನು ತಿರುಗಿಸಿ, ಅದೇ ಅಚ್ಚಿನ ಇನ್ನೊಂದು ತುದಿಯ ಚಕ್ರದಿಂದ ಹೊರಗಿನ ಗಾಳಿಯನ್ನು ಅದುಮಿ ಇಂಜನಿಗೆ ತುಂಬುವುದೇ ಟರ್ಬೋವಿನ ಕೆಲಸ. ಸ್ವಿಟ್ಜರ್ಲೆಂಡಿನ ಆಲ್‌ಫ್ರೆಡ್ ಬ್ಯೂಕಿ ಎಂಬ ಇಂಜಿನಿಯರನು 1905ರಲ್ಲಿ ಇದಕ್ಕೆ ಪೇಟೆಂಟು ಪಡೆದನು. ಹಡಗು, ವಿಮಾನ, ಲಾರಿಗಳಲ್ಲಿ ಇದು ಬಹಳ ಉಪಕಾರ ಮಾಡಿದೆ. ಮೋಟಾರ್ ಸೈಕಲ್ಲಿನ ಕಥೆ ಬೇರೆ. ಜಪಾನಿನ ಹೋಂಡಾ ಕಂಪನಿಯು 1982ರಲ್ಲಿ ಸಿ.ಎಕ್ಸ್. 500 ಟರ್ಬೋ ಎಂಬುದನ್ನು ಮಾರಾಟಕ್ಕೆ ತಂದಿತು. ಯಮಾಹಾ, ಸುಝುಕಿ, ಕಾವಾಸಾಕಿ ಕಂಪನಿಗಳೂ ಅದೇ ಹಾದಿ ಹಿಡಿದು, ಕೆಲವೇ ವರ್ಷಗಳಲ್ಲಿ ನಾಲ್ವರೂ ಕೈಬಿಟ್ಟರು. ಬೆಲೆಯೂ ಭಾರವೂ ಹೆಚ್ಚು. ವೇಗವನ್ನು ಬೇಡಿದಾಗ ಮೊದಲು ತಡಮಾಡಿ, ಆಮೇಲೆ ಒಮ್ಮೆಗೇ ಮುನ್ನುಗ್ಗುವ ಸ್ವಭಾವ ಅದಕ್ಕೆ. ಇಂಜನನ್ನೇ ಸ್ವಲ್ಪ ದೊಡ್ಡದು ಮಾಡಿದರೆ ಅಷ್ಟೇ ಬಲವು ಸುಲಭವಾಗಿ ದೊರೆಯುವಾಗ ಇಷ್ಟು ತೊಡಕೇಕೆಂದು ಅವರಿಗೆ ತೋರಿರಬೇಕು.

ಕಾರ್ಖಾನೆಯವರೇ ಬಿಟ್ಟ ಕೆಲಸವನ್ನು ಬೀದಿಯ ಗ್ಯಾರೇಜಿನಲ್ಲಿ ಮಾಡಬೇಕಾದರೆ ಎಷ್ಟು ಎಚ್ಚರ ಬೇಕೆಂಬುದನ್ನು ವಾಚಕರೇ ಊಹಿಸಬಹುದು. ಬೆರಕೆಯಿಲ್ಲದ ಪೆಟ್ರೋಲು ಪೂರ್ತಿಯಾಗಿ ಉರಿಯಲು ತೂಕದಲ್ಲಿ ಒಂದು ಪಾಲಿಗೆ 14.7 ಪಾಲು ಗಾಳಿ ಬೇಕು. ಗಾಳಿಯನ್ನು ಅದುಮಿ ತುಂಬುವಾಗ ತಾಪವನ್ನು ತಗ್ಗಿಸುವುದಕ್ಕಾಗಿ ಅದಕ್ಕಿಂತ ಹೆಚ್ಚು ಪೆಟ್ರೋಲನ್ನು ಕೊಡಬೇಕು. ಕೊಡದಿದ್ದರೆ ಕಿಡಿ ಹೊತ್ತಿಸಿದ ಉರಿಯು ಹರಡುವ ಮೊದಲೇ ಉಳಿದ ಅನಿಲವು ತಾನಾಗಿ ಸಿಡಿಯುವುದು. ಹರಳಿನ ಸದ್ದೆಂದರೆ ಇದೇ. ಪಿಸ್ಟನ್ನು ಅಲ್ಯೂಮಿನಿಯಮ್ಮಿನ ಮಿಶ್ರಲೋಹದ್ದು. ಶುದ್ಧ ಅಲ್ಯೂಮಿನಿಯಮ್ ಕರಗುವುದು 660 ಡಿಗ್ರಿ ಶಾಖದಲ್ಲಿ. ಅದರ ಮೇಲೆ ಉರಿಯುವ ಅನಿಲವಾದರೋ ಎರಡು ಸಾವಿರ ಡಿಗ್ರಿಗೂ ಮಿಗಿಲು. ಶಾಖವನ್ನು ಎಡೆಬಿಡದೆ ಹೊರಕ್ಕೆ ಸಾಗಿಸುತ್ತಿರುವುದರಿಂದ ಮಾತ್ರ ಅದು ಉಳಿದಿರುವುದು. ಪೆಟ್ರೋಲಿನ ಅಳತೆ, ಕಿಡಿಯ ಹೊತ್ತು, ಗಾಳಿಯ ಒತ್ತಡ, ಈ ಮೂರನ್ನೂ ಹೊಂದಿಸುವವನಿಗೆ ಟ್ಯೂನರ್, ಎಂದರೆ ಶ್ರುತಿ ಮಾಡುವವನು ಎಂದು ಹೆಸರು. ವೀಣೆಯ ಶ್ರುತಿ ತಪ್ಪಿದರೆ ಕೇಳುವವರ ಕಿವಿಗೆ ನೋವು. ಇದರ ಶ್ರುತಿ ತಪ್ಪಿದರೆ ಪಿಸ್ಟನ್ನು ಕಚ್ಚಿಕೊಂಡು, ಓಡುತ್ತಿರುವಾಗಲೇ ಹಿಂದಿನ ಚಕ್ರವು ಬಿಗಿದು ನಿಲ್ಲಬಹುದು.

ಇಂಥವನನ್ನು ಆರಿಸುವುದು ಹೇಗೆ? ನಮಗೆ ಯಂತ್ರಶಾಸ್ತ್ರವು ಬಾರದು, ಚರಕಸಂಹಿತೆಯನ್ನು ಓದಿದ್ದುಂಟು. ಅದರ ಸೂತ್ರಸ್ಥಾನದಲ್ಲಿ ಒಳ್ಳೆಯ ವೈದ್ಯನಿಗೆ ನಾಲ್ಕು ಗುಣಗಳನ್ನು ಹೇಳಿದೆ: ಶಾಸ್ತ್ರದಲ್ಲಿ ತಿಳಿವು, ಬಹುವಾಗಿ ಕಂಡ ಅನುಭವ, ಕೈಯ ದಕ್ಷತೆ, ಶೌಚ. ಮನುಷ್ಯದೇಹಕ್ಕೆ ಹೇಳಿದ್ದು ಯಂತ್ರದೇಹಕ್ಕೂ ಸಲ್ಲಬಹುದೆಂದು ಭಾವಿಸಿ, ಈ ನಾಲ್ಕನ್ನು ಮನಸ್ಸಿನಲ್ಲಿಟ್ಟುಕೊಂಡು ಹುಡುಗನ ಸಂಗಡ ಹೊರಟೆವು.

ಮೊದಲು ಹೋದದ್ದು ಬಿ.ಟಿ.ಎಂ. ಬಡಾವಣೆಯ ಒಂದು ಗ್ಯಾರೇಜಿಗೆ. ಯಜಮಾನನು ಚುರುಕಾದ ತರುಣ. ಗಾಡಿಯನ್ನು ಮುಟ್ಟುವ ಮೊದಲೇ, “ಇನ್ನೂ ಇಪ್ಪತ್ತು ಅಶ್ವಶಕ್ತಿ ಏರಿಸಿ ಕೊಡುತ್ತೇನೆ” ಎಂದನು. ಸದ್ದು ಏಕೆ ಬರುತ್ತದೆಂದು ನಾವು ಕೇಳಿದೆವು. “ಟರ್ಬೋ ಎಂದರೆ ಸದ್ದು ಇರುವುದೇ ಸಾರ್” ಎಂದು ನಕ್ಕನು. ರೋಗಿಯ ನಾಡಿಯನ್ನು ಹಿಡಿಯುವ ಮೊದಲೇ ಲೇಹ್ಯದ ಬೆಲೆಯನ್ನು ಹೇಳುವ ವೈದ್ಯರನ್ನು ನಾವು ಕಂಡಿದ್ದೆವಾದ್ದರಿಂದ ಅಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ.

ಎರಡನೆಯದು ಜೆ.ಪಿ. ನಗರದಲ್ಲಿ. ಗಾಜಿನ ಬಾಗಿಲು, ಹೊಳೆಯುವ ನೆಲ, ಕಾಫಿಯ ಉಪಚಾರ. ಇಂಧನದ ಲೆಕ್ಕಾಚಾರವನ್ನು ಹೊರದೇಶದಿಂದ ತರಿಸಿ ಗಾಡಿಯ ಗಣಕಕ್ಕೆ ತುಂಬುತ್ತೇವೆ ಎಂದರು. ಅದನ್ನು ಈ ಗಾಡಿಯ ಮೇಲೆ ಅಳೆದು ನೋಡುವವರು ಯಾರೆಂದು ಹುಡುಗನು ಕೇಳಿದನು. ಅಳೆಯುವ ಅಗತ್ಯವಿಲ್ಲವೆಂದು ಉತ್ತರ ಬಂತು. ಇಲ್ಲಿ ನಮ್ಮ ಊರಿನ ಒಂದು ವಿಶೇಷವನ್ನು ಹೇಳಬೇಕು. ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದಲ್ಲಿದೆ; ಗಾಳಿಯ ಒತ್ತಡವು ಕರಾವಳಿಗಿಂತ ಸುಮಾರು ಹತ್ತನೆಯ ಒಂದು ಪಾಲು ಕಡಿಮೆ. ಪೆಟ್ರೋಲಿಗಾದರೋ ಈಗ ನಮ್ಮ ದೇಶದಲ್ಲಿ ನೂರಕ್ಕೆ 20ರವರೆಗೆ ಎಥನಾಲ್ ಬೆರೆಯುತ್ತದೆ. ಎಥನಾಲ್ ಬೆರೆತಷ್ಟೂ ಅದೇ ಗಾಳಿಗೆ ಹೆಚ್ಚು ಇಂಧನ ಬೇಕು. ಬೇರೆ ಗಾಳಿಗೂ ಬೇರೆ ಪೆಟ್ರೋಲಿಗೂ ಬರೆದ ಲೆಕ್ಕವನ್ನು ಅಳೆದು ನೋಡದೆ ಇಲ್ಲಿ ತುಂಬುವುದು, ಮಗ್ಗುಲ ಮನೆಯವನ ಕನ್ನಡಕವನ್ನು ನಮ್ಮ ಮೂಗಿನ ಮೇಲೆ ಏರಿಸಿದಂತೆಯೇ ಸರಿ.

ಮೂರನೆಯವನು ಬನಶಂಕರಿಯ ಒಂದು ಅಡ್ಡರಸ್ತೆಯಲ್ಲಿ ಸಿಕ್ಕಿದನು. ಐವತ್ತು ದಾಟಿದವನು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯು 1961ರಿಂದ 1996ರವರೆಗೆ ತಯಾರಿಸಿದ ಜಾವಾ, ಯೆಜ್ಡಿ ಗಾಡಿಗಳಲ್ಲಿ ಕೈಪಳಗಿಸಿಕೊಂಡು, ಆಮೇಲೆ ಗಣಕದ ವಿದ್ಯೆಯನ್ನು ಕಲಿತವನೆಂದು ತಿಳಿಯಿತು. ನೆಲದ ಮೇಲೆ ಎಣ್ಣೆಯ ಕಲೆ ಇತ್ತು. ಆದರೆ ಸ್ಪಾನರುಗಳು ಗೋಡೆಯ ಮೇಲೆ ಅಳತೆಯ ಕ್ರಮದಲ್ಲಿ ತೂಗುತ್ತಿದ್ದವು, ಬಿಚ್ಚಿದ ತಿರುಪುಗಳು ಚೀಟಿ ಅಂಟಿಸಿದ ಬಟ್ಟಲುಗಳಲ್ಲಿದ್ದವು. ಆತನು ಏನನ್ನೂ ಹೇಳುವ ಮೊದಲು ಕೇಳಿದನು: ಎಷ್ಟು ಆಕ್ಟೇನಿನ ಪೆಟ್ರೋಲು ಹಾಕುತ್ತೀರಿ, 91ರದೋ 95ರದೋ? ಸದ್ದು ಬರುವುದು ತಣ್ಣಗಿರುವಾಗಲೋ, ಕಾದ ಮೇಲೋ? ಹಿಂದೆ ಬಿಚ್ಚಿದವರು ಏನಾದರೂ ಬರೆದುಕೊಟ್ಟಿದ್ದಾರೆಯೆ? ಬಳಿಕ ಎರಡು ಸ್ಪಾರ್ಕ್ ಪ್ಲಗ್ಗುಗಳನ್ನು ತೆಗೆದು ಭೂತಗನ್ನಡಿಯನ್ನು ನಮ್ಮ ಕೈಗೇ ಕೊಟ್ಟನು. ಬಿಳಿಯ ಪಿಂಗಾಣಿಯ ಮೇಲೆ ಉಪ್ಪಿನ ಪುಡಿಯಷ್ಟು ಸಣ್ಣಗೆ ಬೂದುಬಣ್ಣದ ಕಣಗಳು ಹೊಳೆಯುತ್ತಿದ್ದವು. “ಇದು ಪಿಸ್ಟನ್ನಿನ ಲೋಹ, ಸ್ವಾಮಿ” ಎಂದನು. ಎರಡು ಸಿಲಿಂಡರುಗಳ ಒತ್ತಡವನ್ನೂ ಅಳೆದನು. ಒಂದರಲ್ಲಿ ಕಡಿಮೆ ಇತ್ತು. ಹುಡುಗನ ಮುಖವು ಬಿಳುಪಾಯಿತು.

ಆಮೇಲೆ ಆತನು ಹೇಳಿದ್ದನ್ನು ಯಾವ ವ್ಯಾಪಾರಸ್ಥನಿಂದಲೂ ನಾವು ಕೇಳಿರಲಿಲ್ಲ. “ಈ ಟರ್ಬೋವನ್ನು ಇಟ್ಟುಕೊಂಡು ರಸ್ತೆಗಾಗಿ ನಾನು ಶ್ರುತಿ ಮಾಡುವುದಿಲ್ಲ. ರೇಸಿನ ಅಂಗಳಕ್ಕೆ ಮಾತ್ರ ಬೇಕೆಂದರೆ ಒತ್ತಡವನ್ನು ತಗ್ಗಿಸಿ ಮಾಡುವೆನು. ಗಾಡಿಯನ್ನು ಲಾರಿಯಲ್ಲಿ ಸಾಗಿಸಬೇಕು, ಅಂಗಳವು ಚೆನ್ನೈ ಕಡೆಯದಾದರೆ ಅಲ್ಲಿಯ ಗಾಳಿಯಲ್ಲಿ ಮತ್ತೊಮ್ಮೆ ಅಳೆಯಬೇಕು. ರಸ್ತೆಗೆ ಬೇಕೆಂದರೆ ಟರ್ಬೋವನ್ನು ಬಿಚ್ಚಿ ಕಾರ್ಖಾನೆಯ ಸ್ಥಿತಿಗೆ ತರುವೆನು.” ಕಾರಣವನ್ನೂ ಹೇಳಿದನು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನ ಪ್ರಕಾರ, ನೋಂದಣಿಯ ವಿವರಗಳು ತಯಾರಕರು ಕೊಟ್ಟ ವಿವರಗಳಿಂದ ಬೇರೆಯಾಗುವಂತೆ ಗಾಡಿಯನ್ನು ಮಾರ್ಪಡಿಸಕೂಡದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ ಒಡೆಯನಿಗೆ ಪ್ರತಿಯೊಂದು ಮಾರ್ಪಾಟಿಗೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆವಾಸ, ಇಲ್ಲವೆ ಎರಡೂ ಆಗಬಹುದು. ಅಪಘಾತವಾದರೆ ವಿಮೆಯವರು ತಕರಾರು ಮಾಡುವ ಭಯ ಬೇರೆ. ಪರೀಕ್ಷೆಯ ಕೂಲಿಯನ್ನು ಚೀಟಿ ಬರೆದು ತೆಗೆದುಕೊಂಡು, “ಯೋಚಿಸಿ ಬನ್ನಿ, ಅಲ್ಲಿಯವರೆಗೆ ಇದನ್ನು ಓಡಿಸಬೇಡಿ” ಎಂದು ಕಳುಹಿಸಿದನು.

ಹುಡುಗನು ಹತ್ತು ದಿನ ನಮ್ಮೊಡನೆ ಸರಿಯಾಗಿ ಮಾತನಾಡಲಿಲ್ಲ. ಆ ಗಾಡಿಯನ್ನು ಅವನು ಎಷ್ಟು ಆಸೆಪಟ್ಟು ಕೊಂಡಿದ್ದನೆಂಬುದು ನಮಗೆ ಗೊತ್ತಿದ್ದುದರಿಂದ ನಾವೂ ಒತ್ತಾಯ ಮಾಡಲಿಲ್ಲ. ಹನ್ನೊಂದನೆಯ ದಿನ ತಾನಾಗಿಯೇ ಬನಶಂಕರಿಗೆ ಹೋಗಿ ಟರ್ಬೋವನ್ನು ಬಿಚ್ಚಲು ಹೇಳಿ ಬಂದನು. ಸಿಲಿಂಡರಿನ ತಲೆಯನ್ನು ತೆಗೆದಾಗ ಒಂದು ಪಿಸ್ಟನ್ನಿನ ಅಂಚು ಇಲಿ ಕಡಿದಂತೆ ಸವೆದಿತ್ತು. ಕೆಲಸಕ್ಕೆ ಮೂರು ವಾರ ಹಿಡಿಯಿತು, ವೆಚ್ಚವೂ ಕಡಿಮೆಯಾಗಲಿಲ್ಲ. ಕೊನೆಗೆ ಆತನು ಹಳೆಯ ಭಾಗಗಳನ್ನೆಲ್ಲ ಒಂದು ಪೆಟ್ಟಿಗೆಯಲ್ಲಿ ಹಾಕಿ, ಏನು ತೆಗೆದೆ, ಏನು ಹಾಕಿದೆ, ಯಾವ ಅಳತೆ ಎಷ್ಟಿತ್ತು, ಈಗ ಎಷ್ಟಿದೆ ಎಂಬುದನ್ನು ಎರಡು ಹಾಳೆಗಳಲ್ಲಿ ಬರೆದು ಕೊಟ್ಟನು. ನಮ್ಮ ತಂಗಿಯು ಆ ಹಾಳೆಗಳನ್ನು ಮನೆಯ ಪತ್ರಗಳ ಜೊತೆಯಲ್ಲಿ ಇಟ್ಟಿದ್ದಾಳೆ. ಭಾನುವಾರ ಬೆಳಗ್ಗೆ ಮಗನು ಗಾಡಿ ಹತ್ತಿ ಹೊರಟರೆ ಅವಳು ಈಗಲೂ ಗಡಿಯಾರವನ್ನು ನೋಡುತ್ತಲೇ ಇರುವಳು. ಅದನ್ನು ಶ್ರುತಿ ಮಾಡುವವರು ಯಾರೂ ಇಲ್ಲ.

ಚರಕನ ನಾಲ್ಕು ಗುಣಗಳಲ್ಲಿ ಮೊದಲ ಮೂರನ್ನು ಅಳೆಯುವುದು ನಮ್ಮಂಥವರಿಗೆ ಕಷ್ಟ. ನಾಲ್ಕನೆಯದಾದ ಶೌಚವನ್ನು ಮಾತ್ರ ಯಾವ ಗೃಹಸ್ಥನೂ ಕಾಣಬಲ್ಲನು. ಕೈಯ ಶುಚಿಯು ಬಟ್ಟಲಿನ ಚೀಟಿಗಳಲ್ಲಿ ಕಾಣುವುದು. ಮನಸ್ಸಿನ ಶುಚಿಯು, ಹಣ ಬರುವ ಕೆಲಸವನ್ನೂ ಕೂಡದೆಂದು ಹೇಳುವ ಬಾಯಲ್ಲಿ ಕಾಣುವುದು. ಆದುದರಿಂದ ಮನೆಯ ಹುಡುಗರು ಇಂಥ ಗಾಡಿಯನ್ನು ತಂದಲ್ಲಿ ಹಿರಿಯರು ಬೈದು ಸುಮ್ಮನಾಗದೆ ಒಮ್ಮೆ ಅವರ ಸಂಗಡ ಹೋಗುವುದು ಒಳ್ಳೆಯದು. ಅಳೆದು ತೋರಿಸುವನೆ, ಬರೆದು ಕೊಡುವನೆ, ಯಾವುದನ್ನು ಮಾಡಲಾರೆನೆಂದು ಹೇಳುವನೆ, ಈ ಮೂರನ್ನು ಕೇಳಿದರೆ ಸಾಕು. ಉತ್ತರವು ತೃಪ್ತಿಕರವಾಗಿಲ್ಲದಿದ್ದರೆ ಗಾಡಿಯನ್ನು ತಳ್ಳಿಕೊಂಡಾದರೂ ಮನೆಗೆ ಹಿಂದಿರುಗುವುದು ಲೇಸು.