ಶಿಫಾರಸು ಯಾರಿಂದ?

ನಮ್ಮವರ ಬಾಯಲ್ಲಿ ಶಿಫಾರಸು ಎಂದರೆ ವಶೀಲಿ ಎಂದೇ ಅರ್ಥ. ಅಮೆರಿಕದ ಕಾಲೇಜುಗಳಿಗೆ ಅರ್ಜಿ ಹಾಕಲು ಮಗಳಿಗೆ ಇಬ್ಬರು ಅಧ್ಯಾಪಕರ ಶಿಫಾರಸು ಪತ್ರ ಬೇಕೆಂದಾಗ ದಿಲ್ಲಿಯ ಮಿತ್ರರೊಬ್ಬರು, "ನಿಮ್ಮ ಕಚೇರಿಯಲ್ಲೇ ಜಾಯಿಂಟ್ ಸೆಕ್ರೆಟರಿ ಇದ್ದಾರಲ್ಲ, ಬರೆಸಿಬಿಡಿ" ಎಂದರು. ಕೇಂದ್ರ ಸರಕಾರದ ಗುಮಾಸ್ತಗಿರಿಯಲ್ಲಿ ನಾವು ಕಂಡ ನಡತೆ ಪತ್ರಗಳಿಗೆ ಲೆಕ್ಕವಿಲ್ಲ. 'ಈತನನ್ನು ಮೂರು ವರ್ಷಗಳಿಂದ ಬಲ್ಲೆ' ಎಂದು ರುಜು ಹಾಕಿದ ಸಾಹೇಬರು ಆ ಹುಡುಗ ಎದುರಿಗೆ ನಿಂತರೂ ಗುರುತಿಸಲಾರರು!

ಅಲ್ಲಿಯವರಿಗೆ ಬೇಕಾದುದು ಪಾಠ ಹೇಳಿದವರ ಮಾತು. ಎಂ.ಐ.ಟಿ.ಯಂಥ ಸಂಸ್ಥೆ ಒಂದು ಪತ್ರ ಗಣಿತ ಅಥವಾ ವಿಜ್ಞಾನದವರಿಂದ, ಇನ್ನೊಂದು ಭಾಷೆ, ಚರಿತ್ರೆಯಂಥ ವಿಷಯದವರಿಂದ ಇರಲಿ ಎನ್ನುತ್ತದೆ. ಇಂಗ್ಲಿಷ್ ಮೇಡಂ ವಿಷಯದಲ್ಲಿ ಚರ್ಚೆಯೇ ಆಗಲಿಲ್ಲ. ತೊಡಕಾದದ್ದು ವಿಜ್ಞಾನದಲ್ಲಿ. ರಸಾಯನಶಾಸ್ತ್ರದಲ್ಲಿ ಮಗಳಿಗೆ ಒಳ್ಳೆಯ ಅಂಕಗಳು. ಆದರೆ ಆ ಅಧ್ಯಾಪಕರಿಗೆ ಅವಳ ಹಾಜರಿ ಸಂಖ್ಯೆ ಬಿಟ್ಟು ಬೇರೇನೂ ತಿಳಿಯದು. ಭೌತಶಾಸ್ತ್ರದ ಸರ್‌ಗೆ ಎಲ್ಲವೂ ಗೊತ್ತು. ಹನ್ನೊಂದನೆಯ ತರಗತಿಯ ಅರ್ಧವಾರ್ಷಿಕದಲ್ಲಿ 70ಕ್ಕೆ 21 ಬಂದದ್ದು, ಆಮೇಲೆ ದಿನವೂ ನೋಟುಪುಸ್ತಕ ಹಿಡಿದು ಸ್ಟಾಫ್‌ರೂಮಿನ ಬಾಗಿಲಲ್ಲಿ ನಿಂತದ್ದು, ಒಮ್ಮೆ ಅವರೇ ಬೋರ್ಡಿನ ಮೇಲೆ ಬಿಟ್ಟ ಮೈನಸ್ ಚಿಹ್ನೆಯನ್ನು ಎದ್ದು ನಿಂತು ತೋರಿಸಿದ್ದು. ಅವರು ನಕ್ಕು ತಿದ್ದಿಕೊಂಡರಂತೆ. ನಮ್ಮ ಬಿ.ಎಸ್‌ಸಿ. ಕಾಲದಲ್ಲಿ ಹಾಗೆ ತೋರಿಸಿದವನು ಪ್ರಾಕ್ಟಿಕಲ್ ಅಂಕಗಳ ಆಸೆ ಬಿಡಬೇಕಿತ್ತು.

ಆ 21ನ್ನೂ ಅವರು ಬರೆದುಬಿಟ್ಟರೆ? ಈ ಅಳುಕು ನಮ್ಮಿಬ್ಬರಿಗೂ ಇತ್ತು. ಪೂರ್ತಿ ಧನಸಹಾಯ ಸಿಗದಿದ್ದರೆ ನಮ್ಮ ಸಂಬಳದಲ್ಲಿ ಅಮೆರಿಕದ ಮಾತೇ ಇಲ್ಲ. ಪತ್ರವನ್ನು ನಾವು ನೋಡುವಂತೆಯೂ ಇಲ್ಲ. ಕಾಲೇಜು ಸೇರಿದ ವಿದ್ಯಾರ್ಥಿಗೆ ತನ್ನ ಕಡತ ನೋಡುವ ಹಕ್ಕನ್ನು ಅಲ್ಲಿನ 1974ರ ಕಾನೂನು ಕೊಟ್ಟಿದೆಯಾದರೂ, 'ಈ ಪತ್ರಗಳನ್ನು ನೋಡುವ ಹಕ್ಕು ಬಿಟ್ಟುಕೊಡುವಿರಾ?' ಎಂದು ಅರ್ಜಿಯಲ್ಲೇ ಕೇಳುತ್ತಾರೆ. ಬಿಟ್ಟುಕೊಟ್ಟರೆ ಬರೆಯುವವರಿಗೆ ಸಂಕೋಚವಿಲ್ಲ, ಓದುವವರಿಗೆ ನಂಬಿಕೆ. ಮಗಳು ಬಿಟ್ಟುಕೊಟ್ಟಳು. "ಅದನ್ನೂ ಬರೀಲಿ ಅಂತಲೇ ಅವರನ್ನ ಕೇಳೋದು, ಅಪ್ಪಾ" ಎಂದಳು.

ಬೇಸಿಗೆ ರಜೆಗೆ ಮೊದಲೇ ಕೇಳಿದ್ದು ಒಳ್ಳೆಯದಾಯಿತು. ಕಂತೆಗಟ್ಟಲೆ ಉತ್ತರಪತ್ರಿಕೆ ತಿದ್ದುವವರಿಗೆ ಇದು ಸಂಬಳವಿಲ್ಲದ ಕೆಲಸ. ಯಾವ ಪಾಠ, ಯಾವ ಪರೀಕ್ಷೆ, ಏನು ನಡೆಯಿತು ಎಂದು ಮಗಳು ಒಂದು ಪುಟ ಬರೆದುಕೊಟ್ಟಳು. ಸರ್ ಹಿಂದೆಂದೂ ಇಂಥ ಪತ್ರ ಬರೆದವರಲ್ಲ. "ವಿಧೇಯ ವಿದ್ಯಾರ್ಥಿನಿ ಅಂತ ಬರೆಯೋದೋ, ನಡೆದದ್ದನ್ನೇ ಬರೆಯೋದೋ?" ಎಂದು ಕೇಳಿದರು. ನಡೆದದ್ದನ್ನೇ ಎಂದೆವು.

ಡಿಸೆಂಬರಿನಲ್ಲೇ ಕಳಿಸಿದರು. ಏನು ಬರೆದರೆಂದು ಅವರು ಹೇಳಲಿಲ್ಲ, ನಾವೂ ಕೇಳಲಿಲ್ಲ. ಉತ್ತರ ಬರುವುದು ಮಾರ್ಚಿಗೆ.