ಕಿವಿಗೂ ಸುಸ್ತಾಗುತ್ತೆ

"ಮಗಾ, ನಿನ್ ಗಿಟಾರ್ ಕಂಬಳಿ ಹೊದ್ಕೊಂಡು ನುಡಿಸ್ದಂಗಿದೆ."

ಶುಕ್ರವಾರ ರಾತ್ರಿ ಹನ್ನೊಂದಕ್ಕೆ ಗೆಳೆಯನಿಗೆ ನಾನು ಹೇಳಿದ ಮಾತಿದು. ಬೆಳಗ್ಗೆಯಿಂದ ಹೆಡ್‌ಸೆಟ್ ಹಾಕ್ಕೊಂಡು ಆಫೀಸ್ ಕಾಲ್‌ಗಳು, ಏಳು ಗಂಟೆಯಿಂದ ಜ್ಯಾಮ್ ರೂಮು. ಅವನು ಟ್ರೆಬಲ್ ಸ್ವಲ್ಪ ಏರಿಸಿದ. ನನಗೆ ಸಾಕಾಗಲಿಲ್ಲ. ಎಲ್ಲರ ಮುಂದೆ ನಾನೇ ಎದ್ದು ಹೋಗಿ ಅವನ ಆಂಪ್‌ನ ಟ್ರೆಬಲ್, ಪ್ರೆಸೆನ್ಸ್ ಎರಡನ್ನೂ ಎಂಟಕ್ಕೆ ತಿರುಗಿಸಿದೆ. "ಟೋನ್ ಅಂದ್ರೆ ಇದು!" ಅವನು ಏನೂ ಅನ್ನಲಿಲ್ಲ. ಬೇಗ ಗಿಟಾರ್ ಪ್ಯಾಕ್ ಮಾಡಿ ಹೊರಟುಬಿಟ್ಟ.

ಶನಿವಾರ ಬೆಳಗ್ಗೆ ಕಾಫಿ ಕುಡೀತಾ ರೆಕಾರ್ಡಿಂಗ್ ಹಾಕಿದೆ. ನಾನು ಕೈ ಹಾಕೋ ಮುಂಚಿನ ಹಾಡು ಎಷ್ಟು ಚೆನ್ನಾಗಿತ್ತು! ತುಂಬು ದನಿ, ಒಂದೊಂದು ಸ್ವರವೂ ಸ್ಪಷ್ಟ. ಆಮೇಲಿನದು ಶುರುವಾದ ಹತ್ತು ಸೆಕೆಂಡಿಗೆ ಅಡುಗೆಮನೆಯಿಂದ ಅಮ್ಮ ಕೂಗಿದರು: "ಏನೋ ಅದು, ಮಿಕ್ಸಿ ಬ್ಲೇಡ್ ಹೋದಂಗಿದೆ?"

ಗಿಟಾರ್ ಮಂಕಾಗಿರಲಿಲ್ಲ. ಮಂಕಾಗಿದ್ದು ನನ್ನ ಕಿವಿ.

ನಮ್ಮ ಒಳಕಿವಿಯಲ್ಲಿ ಶಂಖದ ಆಕಾರದ ಕಾಕ್ಲಿಯಾ ಇದೆ. ಅದರೊಳಗಿನ ಸೂಕ್ಷ್ಮ ರೋಮಕೋಶಗಳು ಜೋರು ಸದ್ದಿಗೆ ದಣಿಯುತ್ತವೆ. ಕೆಲವು ಗಂಟೆ ಕಾಲ ಕಿವಿಯ ಸೂಕ್ಷ್ಮತೆ ಇಳಿದುಬಿಡುತ್ತೆ. ಹೆಚ್ಚು ಪೆಟ್ಟು ಬೀಳೋದು ಸುಮಾರು 3ರಿಂದ 6 ಕಿಲೋಹರ್ಟ್ಸ್ ನಡುವೆ. ಎಲೆಕ್ಟ್ರಿಕ್ ಗಿಟಾರಿನ ಹರಿತ ಇರೋದೂ ಬಹುಪಾಲು ಅದರ ಆಸುಪಾಸಿನಲ್ಲೇ! ಕೇಳಿಸ್ತಿಲ್ಲ ಅಂತ ಟ್ರೆಬಲ್ ಏರಿಸ್ತೀವಿ, ಕಿವಿ ಇನ್ನಷ್ಟು ದಣಿಯುತ್ತೆ, ಮತ್ತೆ ಏರಿಸ್ತೀವಿ. ಹತ್ತು ಸಲ ಸಾರಿನ ರುಚಿ ನೋಡಿದವರ ಕೈಲಿ ಉಪ್ಪಿನ ಡಬ್ಬಿ ಕೊಟ್ಟ ಹಾಗೆ.

ಇನ್ನೊಂದು ಮೋಸವೂ ಇದೆ. ಸದ್ದು ಕಮ್ಮಿ ಇದ್ದಾಗ ನಮ್ಮ ಕಿವಿಗೆ ಬೇಸ್ ಸರಿಯಾಗಿ ಕೇಳಿಸಲ್ಲ ಅಂತ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಅಳೆದು ತೋರಿಸಿದ್ದರು. ಅದಕ್ಕೇ ಅದೇ ಟೋನ್ ಜೋರಾಗಿ ಕೇಳಿದರೆ "ಸೂಪರ್" ಅನ್ನಿಸೋದು.

ಸುಸ್ತು ಅಂದ್ರೆ ಬರೀ ಸುಸ್ತಲ್ಲ. ಅಮೆರಿಕದ ನಿಯೋಶ್ ಸಂಸ್ಥೆ ಕೆಲಸದ ಜಾಗಗಳಿಗೆ ಹೇಳೋ ಮಿತಿ 85 ಡೆಸಿಬಲ್, 8 ಗಂಟೆ. ಪ್ರತಿ 3 ಡೆಸಿಬಲ್ ಏರಿದಾಗ ಸಮಯ ಅರ್ಧ. ಅಂದರೆ 100 ಡೆಸಿಬಲ್‌ಗೆ ಬರೀ 15 ನಿಮಿಷ. ಡ್ರಮ್ಸ್ ಇರೋ ಸಣ್ಣ ರೂಮಿನಲ್ಲಿ 100 ಮುಟ್ಟೋದು ದೊಡ್ಡ ವಿಷಯವೇ ಅಲ್ಲ. ನಾವು ಕೂತಿದ್ದು ನಾಲ್ಕು ಗಂಟೆ. ಸತ್ತ ರೋಮಕೋಶ ಮತ್ತೆ ಹುಟ್ಟಲ್ಲ.

ಫೋನ್ ಮಾಡಿ ಸಾರಿ ಕೇಳಿದೆ. "ಆ ಟೋನ್ ನಾನು ಏಳು ಗಂಟೆಗೇ ಬಂದು ಸೆಟ್ ಮಾಡಿದ್ದು ಕಣೋ," ಅಂದ. ಸ್ವಲ್ಪ ಹೊತ್ತು ಬಿಟ್ಟು, "ಡಲ್ ಅಂದಿದ್ದಕ್ಕೆ ಬೇಜಾರಿಲ್ಲ. ಎಲ್ಲರ ಮುಂದೆ ಕೈ ಹಾಕಿದ್ಯಲ್ಲ, ಅದಕ್ಕೆ."

ಅದಕ್ಕೆ ನನ್ನ ಹತ್ತಿರ ಡೆಸಿಬಲ್ ಲೆಕ್ಕ ಇರಲಿಲ್ಲ.

ಈಗ ಎಲ್ಲರ ಜೇಬಲ್ಲೂ ಇಯರ್‌ಪ್ಲಗ್ ಇರುತ್ತೆ. ಗಂಟೆಗೊಮ್ಮೆ ಹೊರಗೆ ಹೋಗಿ ಟೀ. ಟೋನ್ ಸೆಟ್ ಮಾಡೋದು ಮೊದಲ ಅರ್ಧ ಗಂಟೆಯಲ್ಲಿ ಮಾತ್ರ. ಆಮೇಲೆ ಮಂಕು ಅನ್ನಿಸಿದರೆ ಟ್ರೆಬಲ್ ಏರಿಸಲ್ಲ, ವಾಲ್ಯೂಮ್ ಇಳಿಸ್ತೀವಿ. ಬದಲಾವಣೆ ಏನಿದ್ದರೂ ಮಾರನೇ ದಿನ ಬೆಳಗ್ಗೆ ರೆಕಾರ್ಡಿಂಗ್ ಕೇಳಿದ ಮೇಲೆ.

ಅವನು ಮುಂದಿನ ವಾರ ಬಂದ. ಬಂದವನೇ ಆಂಪ್‌ನ ನಾಬ್‌ಗಳ ಪಕ್ಕ ಬಿಳಿ ಟೇಪ್ ಅಂಟಿಸಿ, ಪೆನ್ನಲ್ಲಿ ಗೆರೆ ಎಳೆದ. ನನ್ನ ಕಡೆ ನೋಡಿ ನಕ್ಕ. ನಾನು ಕೈ ಜೇಬಲ್ಲೇ ಇಟ್ಕೊಂಡೆ.