ರಿಟೈರಾದವರ ಪಾನಾ ಪೆಟ್ಟಿಗೆ

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರೆಸ್ಟ್ ಗೇಟಿನ ಚೈನ್ ತುಂಡಾಗಿ ಗೇಟು ಕೊಚ್ಚಿಹೋಯಿತು. ಸಿರುಗುಪ್ಪ, ಕುರುಗೋಡು ಕಡೆ ಅದು ಭತ್ತದ ನಾಟಿಯ ಕಾಲ. ಡ್ಯಾಮು ತುಂಬಿತು ಅಂತ ಸಾಲ ತಂದು ಸಸಿಮಡಿ ಹಾಕಿದ್ದ ರೈತರು ಬೆಳಗಾಗುವಷ್ಟರಲ್ಲಿ ಟಿವಿ ಮುಂದೆ ಕೈ ಹಿಸುಕಿಕೊಂಡು ಕೂತರು. ಅಣೆಕಟ್ಟಿನ ಮೇಲಿನ ಒತ್ತಡ ಇಳಿಸಲು ಉಳಿದ ಗೇಟುಗಳನ್ನೂ ಎತ್ತಬೇಕಾಯಿತು. ಕಾಲುವೆಗೆ ಬರಬೇಕಿದ್ದ ನೀರು ಕಣ್ಣೆದುರೇ ಹೊಳೆಯ ಪಾಲಾಗುತ್ತಿತ್ತು.

ಆಗ ಕರೆ ಹೋದದ್ದು ಅಣೆಕಟ್ಟಿನ ಗೇಟುಗಳ ತಜ್ಞ ಕನ್ನಯ್ಯ ನಾಯ್ಡು ಅವರಿಗೆ. ಎಂಬತ್ತರ ಆಸುಪಾಸಿನ ವಯಸ್ಸು, ನಿವೃತ್ತರಾಗಿ ಎಷ್ಟೋ ಕಾಲವಾಗಿತ್ತು. ನೀರು ಪೂರ್ತಿ ಇಳಿಯಲಿ, ಆಮೇಲೆ ನೋಡೋಣ ಎಂದು ಅವರು ಹೇಳಲಿಲ್ಲ. ಅರವತ್ತು ಅಡಿ ಉದ್ದ, ನಾಲ್ಕು ಅಡಿ ಎತ್ತರದ ಉಕ್ಕಿನ ಹಲಗೆಗಳನ್ನು ಮಾಡಿಸಿ, ಹರಿಯುವ ನೀರಿನಲ್ಲೇ ಒಂದರ ಮೇಲೊಂದು ಇಳಿಸಿಬಿಡಬಹುದು ಎಂದರು. ಐದು ಹಲಗೆ ಸೇರಿದರೆ ಒಂದು ಗೇಟು. ತೋರಣಗಲ್ಲಿನ ಜಿಂದಾಲ್‌ನಲ್ಲೂ ಹೊಸಪೇಟೆಯ ಕಾರ್ಖಾನೆಗಳಲ್ಲೂ ಹಗಲು ರಾತ್ರಿ ಬೆಸುಗೆ ನಡೆಯಿತು. 16ರ ರಾತ್ರಿ ಮೊದಲ ಹಲಗೆ ಕೂತಿತು, 17ಕ್ಕೆ ಕೆಲಸ ಮುಗಿಯಿತು. ಕ್ರೇನಿನ ಕೆಳಗೆ, ಭೋರ್ಗರೆಯುವ ನೀರಿನ ಅಂಚಿನಲ್ಲಿ ನಿಂತು ದುಡಿದ ಕಾರ್ಮಿಕರಿಗೂ ಈ ಭಾಗದ ಜನ ಕೈ ಮುಗಿಯಬೇಕು. ಮುಂದೆ ಮಳೆ ಬಂತು, ಜಲಾಶಯ ಮತ್ತೆ ತುಂಬಿತು, ಗದ್ದೆಗಳು ಉಳಿದವು.

ನಾಯ್ಡು ಅವರಿಗೆ ಈ ವಿದ್ಯೆ ಬಂದದ್ದು ಹೊಸಪೇಟೆಯ ತುಂಗಭದ್ರಾ ಸ್ಟೀಲ್ ಪ್ರಾಡಕ್ಟ್ಸ್‌ನಲ್ಲಿ. ದೇಶದ ಎಷ್ಟೋ ಅಣೆಕಟ್ಟುಗಳಿಗೆ ಗೇಟು ಮಾಡಿಕೊಟ್ಟ ಕಾರ್ಖಾನೆ ಅದು. 2015ರಲ್ಲಿ ಅದನ್ನು ಮುಚ್ಚಲು ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. ಲೇತು, ಶೆಡ್ಡು, ಜಾಗಕ್ಕೆ ಬೆಲೆ ಕಟ್ಟಬಹುದು. ಯಾವ ಗೇಟು ಎಲ್ಲಿ ಸವೆಯುತ್ತದೆ, ಯಾವ ಸದ್ದು ಬಂದರೆ ಯಾವ ಕೊಂಡಿ ಸಡಿಲಾಗಿದೆ ಎಂಬ ತಿಳಿವಳಿಕೆಗೆ ಯಾರು ಬೆಲೆ ಕಟ್ಟಿದರು? ಅದು ರಿಟೈರಾದವರ ಜೊತೆ ಅವರವರ ಮನೆ ಸೇರಿತು. ಗೇಟು ಮುರಿದ ಮೇಲೆ ಇಂಥವರನ್ನು ನೆನೆಸಿಕೊಂಡೆವು; ಮುರಿಯುವ ಮೊದಲೇ ಕರೆಯಬೇಕಿತ್ತು ಎಂಬ ಸಂಕಟ ನನಗೆ ಇನ್ನೂ ಹೋಗಿಲ್ಲ.

ನಮ್ಮ ಬಳ್ಳಾರಿಯಲ್ಲೇ ಅಂಥವರು ಓಣಿಗೊಬ್ಬರು ಸಿಗುತ್ತಾರೆ. ರೈಲ್ವೆಯಲ್ಲಿ ಫಿಟ್ಟರ್ ಆಗಿದ್ದವರು, ಕೆಇಬಿಯ ಲೈನ್‌ಮನ್ ಆಗಿದ್ದವರು, ತುಂಗಭದ್ರೆಯ ಕೆಳಮಟ್ಟದ ಕಾಲುವೆಯ (ಎಲ್‌ಎಲ್‌ಸಿ) ತೂಬು ಕಾದವರು. ನಾನು ಬಲ್ಲ ನಾಲ್ಕೈದು ಮಂದಿಯ ಗುಂಪೊಂದು ರಜೆ ಬಂತೆಂದರೆ ಪಾನಾ ಪೆಟ್ಟಿಗೆ ಹೊತ್ತು ಶಾಲೆ, ಹಾಸ್ಟೆಲ್ಲುಗಳ ರಿಪೇರಿಗೆ ಹೊರಡುತ್ತದೆ. ಅವರಲ್ಲಿ ಇಬ್ಬರು ಚರ್ಚಿಗೆ ಹೋಗುವವರು. 1810ರಲ್ಲಿ ಮಿಷನರಿ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದ ಮೇಲೆ ಈ ಊರಿನಲ್ಲಿ ಬೇರೂರಿದ ಮಿಷನ್ ಶಾಲೆ, ಹಾಸ್ಟೆಲ್ಲುಗಳ ಸಂಪ್ರದಾಯದಲ್ಲಿ ಬೆಳೆದವರು. ಮಕ್ಕಳು ಇರುವ ಕಟ್ಟಡ ಸೋರಬಾರದು ಎಂಬುದು ಅವರಿಗೆ ಪ್ರಾರ್ಥನೆಯಷ್ಟೇ ಮುಖ್ಯ. ಉಳಿದವರಲ್ಲಿ ಒಬ್ಬರು ದುರ್ಗಮ್ಮನ ಭಕ್ತರು, ಒಬ್ಬರು ಐದು ಹೊತ್ತು ನಮಾಜು ಮಾಡುವವರು. ಕೂಲಿ ತೆಗೆದುಕೊಳ್ಳುವುದಿಲ್ಲ. ಬಸ್ಸಿನ ಚಾರ್ಜು ತಮ್ಮದೇ, ಊಟ ಮಾತ್ರ ಹಾಸ್ಟೆಲ್ಲಿನದು.

ಸಿರುಗುಪ್ಪ ಕಡೆಯ ಹಾಸ್ಟೆಲ್ ಒಂದರಲ್ಲಿ ಅವರು ನೀರಿನ ಮೋಟರ್ ರಿಪೇರಿ ಮಾಡುವುದನ್ನು ನಿಂತು ನೋಡಿದೆ. ಹಿರಿಯ ಫಿಟ್ಟರ್ ಬಿಚ್ಚುವ ಆತುರ ತೋರಲಿಲ್ಲ. ಮೋಟರ್ ಓಡುತ್ತಿರುವಾಗಲೇ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಬೇರಿಂಗ್ ಇರುವ ಜಾಗಕ್ಕೆ ಊರಿ, ಹಿಡಿಯನ್ನು ಕಿವಿಗೆ ಹಚ್ಚಿ ಕಣ್ಣು ಮುಚ್ಚಿದರು. ಆಮೇಲೆ ಅಲ್ಲೇ ನಿಂತಿದ್ದ ಹುಡುಗನನ್ನು ಕರೆದರು.

“ಬಾರೋ ತಮ್ಮಾ, ನೀನೂ ಕೇಳು. ಈ ಕಡೆ ಹೆಂಗೈತಿ?”

“ಸಣ್ಣಗೆ ಗುಂಯ್ ಅಂತೈತಿ ತಾತ.”

“ಈಗ ಆ ಕಡೆ ಇಡು.”

“ಕರಕರ ಅಂತೈತಿ!”

“ಹಾಂ. ಅದು ಹೋಗೈತಿ. ಈ ಕಡೇದು ಇನ್ನೂ ಎರಡು ವರ್ಷ ಬರ್ತೈತಿ, ಅದರ ತಂಟೆಗೆ ಹೋಗಬ್ಯಾಡ.”

ಒಂದೇ ಬೇರಿಂಗ್ ಬದಲಾಯಿತು. ಸಂಜೆಯೊಳಗೆ ಟ್ಯಾಂಕು ತುಂಬಿ, ಹುಡುಗಿಯರು ಕೊಡ ಹೊತ್ತು ಬೀದಿ ನಲ್ಲಿಗೆ ಹೋಗುವುದು ತಪ್ಪಿತು. ನಿಧಾನಕ್ಕೆ ತಿರುಗುತ್ತಿದ್ದ ಫ್ಯಾನುಗಳಿಗೆ ಹೊಸ ಕಂಡೆನ್ಸರ್, ಕೀಲು ಸಡಿಲಾದ ಬಾಗಿಲುಗಳಿಗೆ ಉದ್ದನೆಯ ಸ್ಕ್ರೂ. ಈ ಖರ್ಚಿಗೆ ದೊಡ್ಡ ದಾನಿಗಳೇನೂ ಬೇಕಾಗಲಿಲ್ಲ. ಬೇಕಿದ್ದದ್ದು ಗೊತ್ತಿರುವ ಕೈ.

ಆ ಹುಡುಗ ಈಗ ಐಟಿಐ ಸೇರಿದ್ದಾನೆ. ಈ ಬೇಸಿಗೆ ಕುರುಗೋಡು ಕಡೆಯ ಶಾಲೆಯೊಂದರ ಸರದಿ. ತಾನೂ ಬರುತ್ತೇನೆ, ಇನ್ನಿಬ್ಬರನ್ನು ಕರೆತರುತ್ತೇನೆ ಎಂದು ಹೇಳಿಕಳಿಸಿದ್ದಾನೆ. ಚಾವಣಿ ತಗಡುಗಳ ಅಳತೆ ಆಗಿದೆ, ಹುಕ್ಕು, ವಾಷರ್ ತಂದಿಟ್ಟಿದ್ದಾರೆ. ವೆಲ್ಡಿಂಗ್ ಬಲ್ಲ ಹಿರಿಯರೊಬ್ಬರು ಸಿಕ್ಕರೆ ಏಪ್ರಿಲ್ ಮೊದಲ ವಾರವೇ ಹೊರಡುತ್ತಾರೆ.